ಹತ್ತು ನಿಮಿಷ ಅನ್ನದ ಮೈಕಮ್ಮ

ಹೋದ ತಿಂಗಳು ಮೈಕಮ್ಮನಿಗೆ ಬೀಳ್ಕೊಡುಗೆ ಮಾಡಿದರು. ರೋಪ್‌ವೇ ಕೆಳಗಿನ ಸ್ಟೇಷನ್ನಿನ ಟಿಕೆಟ್ ಹಾಲಿನಲ್ಲಿ ನಲವತ್ತು ಕುರ್ಚಿ ಹಾಕಿದ್ದರು. ಕಂಪನಿ ಕಡೆಯಿಂದ ಬಂದಿದ್ದ ದೊಡ್ಡ ಮನುಷ್ಯರೊಬ್ಬರು ಎದ್ದು ನಿಂತು, ಇವರು ಸದಾ ಆಶಾವಾದಿ, ಇವರ ಬಾಯಲ್ಲಿ ಕೆಟ್ಟ ಸುದ್ದಿ ಅನ್ನೋದೇ ಬರುತ್ತಿರಲಿಲ್ಲ ಅಂತ ಭಾಷಣ ಬಿಗಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆಂಟು ವರ್ಷ ಅವರ ಬಾಯಲ್ಲಿ ಬಂದದ್ದು ಮುಕ್ಕಾಲು ಪಾಲು ಕೆಟ್ಟ ಸುದ್ದಿಯೇ. ಹಾಗಿದ್ದೂ ಅದನ್ನು ಕೇಳಿದ ಜನ ನೆಟ್ಟಗೆ ಉಸಿರಾಡಿಕೊಂಡು ಮನೆ ಸೇರುತ್ತಿದ್ದರು. ಅದು ಹೇಗೆ ಅಂತ ಆ ಮಹಾನುಭಾವರಿಗೆ ಅಲ್ಲೇ ಎದ್ದು ಹೇಳೋಣ ಅಂತಿದ್ದೆ. ನನ್ನ ಹೆಂಡತಿ ಅಂಗಿ ಹಿಡಿದು ಎಳೆದು ಕೂರಿಸಿದಳು. ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ನಾನು ಯಾರು ಅಂದರೆ, ರೋಪ್‌ವೇ ಮೆಕ್ಯಾನಿಕ್. ಗಾಲಿಗಳಿಗೆ ಗ್ರೀಸ್ ಹಚ್ಚೋದು, ಸವೆದ ಬೋಲ್ಟ್ ಬದಲಾಯಿಸೋದು, ಕಂಬ ಹತ್ತೋದು, ಇಳಿಯೋದು. ಕೋಪ ಸ್ವಲ್ಪ ಜಾಸ್ತಿ. ಸ್ಟೇಷನ್ನಿನಲ್ಲಿ ನನ್ನ ಹೆಸರು ಸಿಡುಕಪ್ಪ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ನಮ್ಮದು ಬೆಟ್ಟದ ಊರು. ಅರ್ಧ ಊರು ಕೆಳಗೆ, ಅರ್ಧ ಊರು ಮೇಲೆ, ಮಧ್ಯೆ ಒಂದು ಆಳವಾದ ಕಣಿವೆ. ಬಸ್ಸಿನಲ್ಲಿ ಸುತ್ತಿ ಬಳಸಿ ಹೋದರೆ ಒಂದೂವರೆ ಗಂಟೆ, ರೋಪ್‌ವೇಯಲ್ಲಿ ಹನ್ನೊಂದು ನಿಮಿಷ. ಆಸ್ಪತ್ರೆ, ಕಾಲೇಜು, ಕೋರ್ಟು ಎಲ್ಲ ಮೇಲೆ. ಬಾಡಿಗೆ ಕಡಿಮೆ ಇರೋ ಮನೆಗಳೆಲ್ಲ ಕೆಳಗೆ. ಹಾಗಾಗಿ ಬೆಳಗಾದರೆ ಅರ್ಧ ಊರು ಉಕ್ಕಿನ ಹಗ್ಗಕ್ಕೆ ಜೋತುಬಿದ್ದು ಕೆಲಸಕ್ಕೆ ಹೋಗುತ್ತೆ. ಹಗ್ಗಕ್ಕೆ ಕಚ್ಚಿಕೊಂಡ ಹದಿನಾಲ್ಕು ಡಬ್ಬಿಗಳಿವೆ. ಕಂಪನಿಯವರು ಅದಕ್ಕೆ ಏನೋ ದೊಡ್ಡ ಹೆಸರು ಇಟ್ಟಿದ್ದಾರೆ, ಊರಿನವರಿಗೆ ಅದು ಡಬ್ಬಿ. ಒಂದು ಡಬ್ಬಿಯಲ್ಲಿ ಆರು ಜನ, ಮೂಲೆಯಲ್ಲೊಂದು ಚಿಕ್ಕ ವೈರ್‌ಲೆಸ್ ಪೆಟ್ಟಿಗೆ. ಸ್ಟೇಷನ್ನಿನ ಮೈಕಿನಲ್ಲಿ ಮಾತಾಡಿದರೆ ಡಬ್ಬಿಯವರಿಗೆಲ್ಲ ಕೇಳಿಸುತ್ತೆ. ಅವರು ಗುಂಡಿ ಒತ್ತಿ ಮಾತಾಡಿದರೆ ನಮಗೆ ಕೇಳಿಸುತ್ತೆ.

ಆ ಮೈಕಿನ ಮುಂದೆ ಕೂರುತ್ತಿದ್ದವರೇ ಮೈಕಮ್ಮ. ನಾನು ಅಕ್ಕ ಅಂತಿದ್ದೆ. ನನಗಿಂತ ಆರು ವರ್ಷ ದೊಡ್ಡವರು. ಮೊದಲು ಟಿಕೆಟ್ ಹರಿಯೋಕೆ ಸೇರಿದ್ದರು. ಮೈಕಿನವಳು ಮದುವೆಯಾಗಿ ಬಿಟ್ಟುಹೋದಾಗ, ಬೇರೆ ಯಾರೂ ಸಿಗದೆ ಇವರನ್ನು ಕೂರಿಸಿದರು. ದನಿ ಕೇಳಿದರೆ ವರ್ಷವಿಡೀ ನೆಗಡಿ ಹಿಡಿದವರ ಹಾಗೆ. ಅಕ್ಕನ ಗಂಡ ಬಸ್ ಡ್ರೈವರು, ಬಲು ತಮಾಷೆಯ ಮನುಷ್ಯ. ತನ್ನನ್ನು ಮದುವೆಯಾಗೋಕೆ ಒಪ್ಪಿಕೊಂಡಾಗ ಇವಳು ಹೇಳಿದ ಮಾತು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು: ನನಗೆ ಹಟ ಜಾಸ್ತಿ, ಅಡುಗೆ ಸುಮಾರು, ಆದರೆ ಬಿಟ್ಟು ಹೋಗೋಳಲ್ಲ.

ಮೈಕಿಗೆ ಬಂದ ಮೊದಲ ವರ್ಷ ಅಕ್ಕನೂ ಎಲ್ಲರ ಹಾಗೇ ಇದ್ದರು. ನಮ್ಮ ಕೆಲಸದಲ್ಲಿ ಒಂದು ಚಾಳಿ ಇದೆ. ಹಗ್ಗ ನಿಂತರೆ, ಯಾಕೆ ನಿಂತಿತು ಅಂತ ನೋಡೋದಕ್ಕೂ ಮೊದಲೇ ಬಾಯಲ್ಲಿ ಬರೋದು 'ಹತ್ತು ನಿಮಿಷ'. ಕಂಪನಿ ಕೊಟ್ಟ ಪುಸ್ತಕದಲ್ಲೇ ಹಾಗಿದೆ: ತಾಂತ್ರಿಕ ಕಾರಣಗಳಿಂದ ಅಲ್ಪ ವಿಳಂಬ, ಹತ್ತು ನಿಮಿಷಗಳಲ್ಲಿ ಸೇವೆ ಪುನರಾರಂಭ. ಆ ವರ್ಷ ಒಂದು ದಿನ ಮೋಟಾರು ಕೆಟ್ಟು ಎರಡು ಗಂಟೆ ಹಗ್ಗ ನಿಂತಿತು. ಅಕ್ಕ ಆ ಸಾಲನ್ನು ಹನ್ನೆರಡು ಸಲ ಓದಿದರು. ಡಬ್ಬಿಯಿಂದ ಇಳಿದ ಒಬ್ಬರು ಮುದುಕ ಮೇಷ್ಟ್ರು ನೆಟ್ಟಗೆ ಮೈಕಿನ ರೂಮಿಗೆ ಬಂದರು. ಬೈಯಲಿಲ್ಲ. "ತಾಯಿ, ನಿಮ್ಮ ಗಡಿಯಾರ ಸ್ವಲ್ಪ ತೋರಿಸಮ್ಮ, ನಿಮ್ಮಲ್ಲಿ ನಿಮಿಷ ಎಷ್ಟು ದೊಡ್ಡದಿರುತ್ತೆ ನೋಡ್ಕೊಂಡು ಹೋಗ್ತೀನಿ" ಅಂದರು. ಅಕ್ಕನ ಮುಖ ಇಷ್ಟೇ ಇಷ್ಟಾಯಿತು. ಆ ಪುಸ್ತಕ ಅವತ್ತಿನಿಂದ ಅಲ್ಲಾಡೋ ಮೇಜಿನ ಕಾಲಿನ ಕೆಳಗೆ ಸೇರಿತು.

ಆಮೇಲೆ ಬಂತು ನೋಡಿ ಅಕ್ಕನ ಶೈಲಿ. ಬೆಳಿಗ್ಗೆ ಏಳಕ್ಕೆ ಮೈಕಿನಲ್ಲಿ, "ಇವತ್ತು ಗಾಳಿ ಜೋರಿದೆ. ಡಬ್ಬಿ ಅಲ್ಲಾಡುತ್ತೆ. ಕೆಲವರಿಗೆ ವಾಂತಿ ಬರಬಹುದು. ಹಿಡ್ಕೊಳ್ಳೋಕೆ ಕಂಬಿ ಇದೆ, ಗಟ್ಟಿಯಾಗಿದೆ" ಅನ್ನೋರು. ಬಂದ ಒಬ್ಬೊಬ್ಬ ಮ್ಯಾನೇಜರೂ ತಲೆ ಚಚ್ಚಿಕೊಂಡ. ಹೀಗೆ ಹೇಳಿದರೆ ಡಬ್ಬಿ ಯಾರು ಹತ್ತುತ್ತಾರೆ ಅಂತ. ಜನ ಹತ್ತಿದರು. ಹತ್ತಿ, ಕಂಬಿ ಹಿಡಿದುಕೊಂಡರು. ಗಾಳಿ ಇಲ್ಲದ ದಿನ "ಇವತ್ತು ಆರಾಮ" ಅಂತ ಅಕ್ಕ ಹೇಳಿದರೆ, ಮುದುಕಿಯರು ಕೂಡ ಕಂಬಿ ಬಿಟ್ಟು ಕಿಟಕಿ ಕಡೆ ತಿರುಗಿ ಕೂರೋರು.

ನನಗಂತೂ ಆಗ ಇದೆಲ್ಲ ಅತಿ ಅನ್ನಿಸುತ್ತಿತ್ತು. ಹೆದರಿದವರಿಗೆ ನಾಲ್ಕು ಒಳ್ಳೆ ಮಾತು ಹೇಳಿದರೆ ಇವರ ಗಂಟೇನು ಹೋಗುತ್ತೆ ಅಂತ ಅವರ ಎದುರಿಗೇ ಅಂದಿದ್ದೇನೆ. ಅಕ್ಕ ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಹದಿನಾರು ವರ್ಷದ ಹಿಂದಿನ ಮಾತು. ಬೆಳಿಗ್ಗೆ ಹತ್ತು ನಲವತ್ತಕ್ಕೆ, ಹೇಳದೆ ಕೇಳದೆ ಕಣಿವೆಯೊಳಗಿಂದ ಗಾಳಿ ಎದ್ದಿತು. ಗಾಳಿ ಅಳೆಯುವ ಮುಳ್ಳು ಗಂಟೆಗೆ ಇಪ್ಪತ್ತು ಕಿಲೋಮೀಟರಿನಿಂದ ಐವತ್ತೈದಕ್ಕೆ ನೆಗೆಯಿತು. ನಲವತ್ತು ದಾಟಿದರೆ ಹಗ್ಗ ನಿಲ್ಲಿಸಬೇಕು ಅಂತ ನಿಯಮ. ನಾವು ನಿಲ್ಲಿಸೋ ಮೊದಲೇ ಮೂರನೇ ಕಂಬದ ಕಡೆಯಿಂದ ಢಬ್ ಅಂತ ಸದ್ದು ಬಂತು. ಹಗ್ಗ ಗಾಲಿಯಿಂದ ಹಾರಿ, ಕೆಳಗಿದ್ದ ಕೊಕ್ಕೆಯಲ್ಲಿ ಬಿದ್ದಿತ್ತು. ಹಾಗೆ ಜಾರಿದರೆ ಹಿಡಿದುಕೊಳ್ಳಲಿ ಅಂತಲೇ ಆ ಕೊಕ್ಕೆ ಇರೋದು. ಹಿಡಿದುಕೊಂಡಿತ್ತು. ಆದರೆ ಹಗ್ಗವನ್ನು ಎತ್ತಿ ಮತ್ತೆ ಗಾಲಿ ಮೇಲೆ ಕೂರಿಸೋವರೆಗೂ ಒಂದು ಡಬ್ಬಿಯನ್ನೂ ಮುಂದಕ್ಕೆ ಹಿಂದಕ್ಕೆ ತರುವ ಹಾಗಿಲ್ಲ.

ಆ ಹೊತ್ತಿಗೆ ಜನ ಇದ್ದದ್ದು ಮೂರು ಡಬ್ಬಿಯಲ್ಲಿ. ಎರಡು ನೆಲಕ್ಕೆ ಹತ್ತಿರ ಇದ್ದವು, ಅಗ್ನಿಶಾಮಕದವರು ಏಣಿ ಹಾಕಿ ಜನರನ್ನು ಇಳಿಸಿದರು. ಒಂಬತ್ತನೇ ಡಬ್ಬಿ ಮಾತ್ರ ಕಣಿವೆಯ ನಟ್ಟನಡುವೆ. ಅಲ್ಲಿಂದ ನೆಲಕ್ಕೆ ಇಪ್ಪತ್ತು ಅಂತಸ್ತಿನ ಆಳ. ಏಣಿ ಗೀಣಿ ಯಾವುದೂ ಮುಟ್ಟೋದಿಲ್ಲ. ಅದರಲ್ಲಿ ಆರು ಜನ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡೋ ಅಕ್ಕತಂಗಿ ಇಬ್ಬರು, ಒಬ್ಬ ಪೋಸ್ಟ್‌ಮ್ಯಾನ್, ಆಸ್ಪತ್ರೆಗೆ ಹೊರಟಿದ್ದ ಒಬ್ಬರು ಅಜ್ಜ, ಮೇಲಿನ ಪೇಟೆಯ ದಪ್ಪ ಟೈಲರ್, ಆರನೆಯವಳು ನನ್ನ ಮಗಳು.

ಹತ್ತೊಂಬತ್ತು ವರ್ಷ ಅವಳಿಗೆ ಆಗ. ಮೇಲಿನ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ನಾವಿಬ್ಬರೂ ಬೆಳಿಗ್ಗೆ ಜಗಳವಾಡಿಕೊಂಡೇ ಮನೆ ಬಿಟ್ಟಿದ್ದೆವು, ಯಾವುದಕ್ಕೆ ಅಂತ ಈಗ ನೆನಪಿಲ್ಲ. ಮುಖ ಅವಳಮ್ಮನದು, ಕೋಪ ನನ್ನದು.

ನಾನು ಮತ್ತು ನನ್ನ ಜೊತೆಯ ಮೆಕ್ಯಾನಿಕ್ ಮೂರನೇ ಕಂಬಕ್ಕೆ ಓಡಿದೆವು. ಅರ್ಧ ಹತ್ತೋಷ್ಟರಲ್ಲಿ ಗಾಳಿ ನನ್ನನ್ನು ಏಣಿಯಿಂದ ಕಿತ್ತು ತೆಗೆಯಿತು, ಸೊಂಟದ ಬೆಲ್ಟ್ ಇದ್ದದ್ದಕ್ಕೆ ಬದುಕಿದೆ. ಎರಡನೇ ಸಲವೂ ಅಷ್ಟೇ. ಹನ್ನೆರಡೂ ಕಾಲಿಗೆ, ಮೊಣಕೈ ತರಚಿಕೊಂಡು, ಸೋತ ಮುಖ ಹೊತ್ತುಕೊಂಡು ಸ್ಟೇಷನ್ನಿಗೆ ವಾಪಸ್ ಬಂದೆ.

ಮೈಕಿನ ರೂಮಿನಲ್ಲಿ ಹೊಸ ಮ್ಯಾನೇಜರ್ ನಿಂತಿದ್ದ. ಬಂದು ಎರಡು ತಿಂಗಳಾಗಿತ್ತು. ಕೆಟ್ಟವನಲ್ಲ ಪಾಪ, ಚಿಕ್ಕವನು, ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು. ಮೇಜಿನ ಕಾಲಿನ ಕೆಳಗಿದ್ದ ಪುಸ್ತಕ ಎಳೆದು ತೆಗೆದು, ಇದರಲ್ಲಿದ್ದ ಹಾಗೇ ಓದಿ ಮೇಡಮ್ ಅಂತ ಅಕ್ಕನಿಗೆ ದುಂಬಾಲು ಬಿದ್ದಿದ್ದ. ಅಕ್ಕ ಆಗಲ್ಲ ಅಂದರು; ಹಗ್ಗ ನಿಂತಿದೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲ ಅಂತಷ್ಟೇ ಅವರು ಆವರೆಗೆ ಡಬ್ಬಿಗೆ ಹೇಳಿದ್ದರು. ಹೊರಗೆ ಆಗಲೇ ಮನೆಯವರು ಸೇರಿದ್ದರು, ಗೇಟು ಅಲ್ಲಾಡಿಸುತ್ತಿದ್ದರು. ಮ್ಯಾನೇಜರ್ ಅವರನ್ನು ಸಮಾಧಾನ ಮಾಡೋಕೆ ಓಡಿದ. ಮುಳ್ಳು ಸರಿಯಾಗಿ ಅಳೀತಿದೆಯಾ ಅಂತ ನೋಡೋಕೆ ಅಕ್ಕ ಎದ್ದು ಪಕ್ಕದ ಕಿಟಕಿಗೆ ಹೋದರು. ಮೈಕಿನ ಮುಂದೆ ಉಳಿದವನು ನಾನೊಬ್ಬನೇ.

ಅಷ್ಟರಲ್ಲಿ ಸ್ಪೀಕರಿನಿಂದ ಮಗಳ ದನಿ ಬಂತು. ಅಳುತ್ತಿರಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ಹಲ್ಲು ಕಟಕಟ ಅನ್ನೋ ಸದ್ದಿನ ಮಧ್ಯೆ "ಅಪ್ಪಾ, ಅಲ್ಲಿದ್ದೀಯಾ? ಎಷ್ಟು ಹೊತ್ತಾಗುತ್ತೆ ಅಪ್ಪಾ?" ಅಂದಳು. ಗುಂಡಿ ಒತ್ತಿದೆ.

"ಹತ್ತು ನಿಮಿಷ ಮಗಳೇ" ಅಂದೆ. "ಹತ್ತೇ ನಿಮಿಷ. ಏನೂ ಆಗಿಲ್ಲ. ಬಂದ್ಬಿಟ್ಟೆ ನಾನು."

ತಿರುಗಿ ನೋಡಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದರು. ನನಗೆ ಬೈಯೋಕೆ ಅವರ ಹತ್ತಿರ ಹೊತ್ತಿರಲಿಲ್ಲ. ಗಡಿಯಾರ ನೋಡಿದರು. ಹನ್ನೆರಡು ಇಪ್ಪತ್ತೆರಡು. ಮುಖ ಬಿಳಿಚಿಕೊಂಡಿತ್ತು. "ನೀನು ಮೆಕ್ಯಾನಿಕ್ಕು. ನೀನು ಹೇಳಿದ್ದನ್ನ ಅವರು ನಂಬ್ತಾರೆ" ಅಂದರು, ಅಷ್ಟೇ. ನನಗೆ ರೇಗಿತು. ನನ್ನ ಮಗಳಿಗೆ ಧೈರ್ಯ ಹೇಳೋಕೆ ಇವರ ಅಪ್ಪಣೆ ಬೇಕಾ ಅಂತ ಗೊಣಗಿಕೊಂಡು, ಹಗ್ಗ ಎತ್ತುವ ಚೈನು ರಾಟೆ ತರೋಕೆ ಗೋದಾಮಿಗೆ ಹೋದೆ.

ಚೈನು ಹೊತ್ತು ವಾಪಸ್ ಬಂದಾಗ ಹನ್ನೆರಡು ನಲವತ್ತು. ಅಷ್ಟು ಹೊತ್ತು ನನ್ನ ಜೊತೆಯವನಿಂದ ಹಗ್ಗ, ಕೊಕ್ಕೆಯ ಸ್ಥಿತಿ ಕೇಳಿ ತಿಳಿದುಕೊಂಡಿದ್ದ ಅಕ್ಕ ಈಗ ಸ್ಪೀಕರ್ ಆರಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದಿದ್ದರು. ಕಿಟಕಿಯ ಬಳಿ ಮ್ಯಾನೇಜರ್ ದುರ್ಬೀನು ಹಿಡಿದು ನಿಂತಿದ್ದ. ಅದನ್ನು ನನ್ನ ಕೈಗೆ ಕೊಟ್ಟ. ನೋಡಿದೆ. ಒಂಬತ್ತನೇ ಡಬ್ಬಿ ಗಾಳಿಗೆ ತೂಗುತ್ತಿತ್ತು, ಅದು ಸರಿ. ಆದರೆ ಗಾಳಿಯ ತೂಗಾಟದ ನಡುನಡುವೆ ಬೇರೆ ಒಂದು ಕುಲುಕು. ಬಾಗಿಲು ಒಳಗಿಂದ ಅದುರುತ್ತಿತ್ತು. ಯಾರೋ ಒದೆಯುತ್ತಿದ್ದರು.

ಆ ಬಾಗಿಲ ಚಿಲಕ ಕೂರಿಸಿದವನು ನಾನೇ. ಮೂರು ಬೋಲ್ಟು. ಹೊರಗಿನ ಗಾಳಿ ತಡೆಯೋಕೆ ಮಾಡಿದ್ದು ಅದು, ಒಳಗಿಂದ ಒದ್ದರೆ ತಡೆಯೋಕಲ್ಲ. ಬಾಗಿಲು ಕಿತ್ತು ಹೋಯಿತು ಅಂದರೆ, ಆ ತೂಗಾಟಕ್ಕೆ ಒಬ್ಬರೂ ಒಳಗೆ ನಿಲ್ಲೋದಿಲ್ಲ.

ಆ ಟೈಲರೇ ಇರಬೇಕು ಅಂತ ನನಗೆ ಖಾತ್ರಿ. ನನ್ನ ಪ್ಯಾಂಟನ್ನು ನಾಲ್ಕು ಬೆರಳು ಗಿಡ್ಡ ಮಾಡಿ, ಈಗಿನ ಫ್ಯಾಷನ್ನೇ ಹೀಗೆ ಅಂತ ವಾದ ಮಾಡಿದ್ದ ಮನುಷ್ಯ. ಅವನ ವಂಶವನ್ನೆಲ್ಲ ಬಾಯಿಗೆ ಬಂದ ಹಾಗೆ ಬೈದೆ. ಯಾರು ಒದೀತಿರೋದು, ಆ ದಪ್ಪನೇ ತಾನೇ ಅಂತ ಅಕ್ಕನನ್ನು ಕೇಳಿದೆ. ಅಕ್ಕ ನನ್ನ ಮುಖ ನೋಡಲಿಲ್ಲ. "ಯಾರೋ ಒದೀತಿದ್ದಾರೆ. ನೀನು ಸುಮ್ಮನಿರು" ಅಂದು ಮೈಕು ಹತ್ತಿರ ಎಳೆದುಕೊಂಡರು.

ಮುಂದೆ ಅವರು ಆಡಿದ ಮಾತು ನನಗೆ ಇವತ್ತಿಗೂ ಬಾಯಿಪಾಠ.

"ಒಂಬತ್ತನೇ ಡಬ್ಬಿ, ನಾನು ಮೈಕಮ್ಮ. ಹತ್ತು ನಿಮಿಷ ಅಂತ ಹೇಳಿದ್ದು ತಪ್ಪು. ಅದು ನಮ್ಮ ತಪ್ಪು. ಈಗ ಇರೋದನ್ನ ಇದ್ದ ಹಾಗೆ ಹೇಳ್ತೀನಿ. ಮೂರನೇ ಕಂಬದಲ್ಲಿ ಹಗ್ಗ ಗಾಲಿ ಬಿಟ್ಟು ಕೊಕ್ಕೆಯಲ್ಲಿ ಕೂತಿದೆ. ಹರಿದಿಲ್ಲ. ನಿಮ್ಮ ಡಬ್ಬಿ ಹಗ್ಗವನ್ನ ಕಚ್ಚಿಕೊಂಡೇ ಇದೆ. ಗಾಳಿ ಇಳಿಯೋ ತನಕ ನಮ್ಮೋರು ಕಂಬ ಹತ್ತೋಕಾಗಲ್ಲ. ಎರಡು ಸಲ ಹೋಗಿ ವಾಪಸ್ ಬಂದ್ರು. ಗಾಳಿ ಯಾವಾಗ ಇಳಿಯುತ್ತೆ, ನನಗೆ ಗೊತ್ತಿಲ್ಲ. ಕತ್ತಲಾದ್ರೂ ಆಗಬಹುದು. ಕತ್ತಲಾದ್ರೆ ಚಳಿ ಜಾಸ್ತಿ, ಅದಕ್ಕೆ ಈಗಲೇ ಅಜ್ಜನ್ನ ಮಧ್ಯೆ ಕೂರಿಸಿ ಎಲ್ಲರೂ ಒತ್ತಿಕೊಂಡು ಕೂತ್ಕೊಳ್ಳಿ. ಡಬ್ಬಿ ಅಲ್ಲಾಡುತ್ತೆ. ಅಲ್ಲಾಡಿದ ಮಾತ್ರಕ್ಕೆ ಬೀಳಲ್ಲ. ಅಲ್ಲಿಂದ ಬೀಳೋಕೆ ಇರೋದು ಒಂದೇ ದಾರಿ, ಆ ಬಾಗಿಲು. ಅದನ್ನ ಮುಟ್ಟಬೇಡಿ. ಒಂದು ಗಂಟೆಗೆ ನಾನು ಮತ್ತೆ ಮಾತಾಡ್ತೀನಿ. ಸುದ್ದಿ ಇದ್ರೂ ಮಾತಾಡ್ತೀನಿ, ಇಲ್ಲದಿದ್ರೂ ಮಾತಾಡ್ತೀನಿ."

'ಕತ್ತಲಾದ್ರೂ ಆಗಬಹುದು' ಅಂದಾಗ ನಾನು ಮೇಜು ಗುದ್ದಿದೆ. ಹೆದರಿ ಸಾಯ್ತಾವೆ ಆ ಜೀವಗಳು, ನಿಮಗೇನು ಕರುಳು ಇಲ್ವಾ ಅಂತ ಕೂಗಾಡಿದೆ. ಮ್ಯಾನೇಜರ್ ನನ್ನ ತೋಳು ಹಿಡಿದುಕೊಂಡ. ಅಕ್ಕ ಹೆಡ್‌ಫೋನ್ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಅವರ ಕುತ್ತಿಗೆಯ ನರ ಪಟಪಟ ಹೊಡೆದುಕೊಳ್ಳುತ್ತಿತ್ತು.

ದುರ್ಬೀನಿನಲ್ಲಿ ನೋಡಿದೆ. ಇನ್ನೊಂದು ಕುಲುಕು. ಆಮೇಲೆ ಗಾಳಿಯ ತೂಗಾಟ ಮಾತ್ರ. ಕಣ್ಣು ತೆಗೆಯದೆ ಕಾದೆ. ಬಾಗಿಲು ಮತ್ತೆ ಅದುರಲಿಲ್ಲ.

ಒಂದು ಗಂಟೆ ಹೊಡೆಯುವಾಗ ಅಕ್ಕ ಸ್ಪೀಕರ್ ಮತ್ತೆ ಹಾಕಿ ಗುಂಡಿ ಒತ್ತಿದರು. ಒಂದು ಗಂಟೆ ಅಂದರೆ ಒಂದು ಗಂಟೆ, ಅರ್ಧ ನಿಮಿಷ ಆಚೀಚೆ ಇಲ್ಲ. "ಗಾಳಿ ಐವತ್ತೆರಡು. ಬದಲಾಗಿಲ್ಲ. ಒಂದೂ ಕಾಲಿಗೆ ಬರ್ತೀನಿ." ಒಂದೂ ಕಾಲಿಗೂ ಅದೇ. ಒಂದೂವರೆಗೂ ಅದೇ. ಪೆಟ್ಟಿಗೆಯ ಬ್ಯಾಟರಿ ಉಳಿಯಬೇಕಿತ್ತು, ಆದ್ದರಿಂದ ಡಬ್ಬಿಯವರಿಗೆ ಒಂದೊಂದು ಸಲ ಒಂದೇ ಉತ್ತರ, ಅದೂ ಪೋಸ್ಟ್‌ಮ್ಯಾನ್ ಒಬ್ಬನೇ ಹೇಳಬೇಕು ಅಂತ ಕಟ್ಟು ಮಾಡಿದರು. ಎಲ್ಲರ ಚೀಲದಲ್ಲಿ ತಿನ್ನೋಕೆ ಕುಡಿಯೋಕೆ ಏನಿದೆ ಅಂತ ಪಟ್ಟಿ ಹೇಳಿಸಿ, ನಾಲ್ಕು ಗಂಟೆಯವರೆಗೆ ಇಷ್ಟು, ಆಮೇಲೆ ಇಷ್ಟು ಅಂತ ಹಂಚಿದರು. ಅಜ್ಜನ ಮಾತ್ರೆ ಎರಡಕ್ಕೆ ಕೊಡಬೇಕು ಅಂತ ನನ್ನ ಮಗಳಿಗೆ ವಹಿಸಿದರು. ಎಲ್ಲರಿಗೂ ಒಂದೊಂದು ಕೆಲಸ.

ಕಾಪಾಡ್ತೀವಿ ಅನ್ನೋ ಮಾತನ್ನು ಅವರು ಒಮ್ಮೆಯೂ ಆಡಲಿಲ್ಲ. ಇಳಿಸ್ತೀವಿ ಅನ್ನೋರು. ಸಿಕ್ಕಿಹಾಕಿಕೊಂಡಿದ್ದೀರಿ ಅನ್ನಲಿಲ್ಲ, ನಿಂತಿದ್ದೀರಿ ಅಂದರು. ಹೆದರಬೇಡಿ ಅಂತಲೂ ಹೇಳಲಿಲ್ಲ. ಆ ತಂಗಿ ಹೆಣ್ಣುಮಗಳು ತುಂಬಾ ಹೆದರಿದ್ದಾಳೆ ಅಂತ ಪೋಸ್ಟ್‌ಮ್ಯಾನ್ ಹೇಳಿದಾಗ, ಹೆದರಿಕೆ ಆಗುತ್ತೆ, ನನಗೂ ಆಗ್ತಿದೆ, ಅವಳಕ್ಕನ ಕೈ ಹಿಡ್ಕೊಳ್ಳೋಕೆ ಹೇಳಿ ಅಂದರು. ಮೂಲೆಯಲ್ಲಿ ಕೂತು ನಾನು ಇದನ್ನೆಲ್ಲ ಕೇಳುತ್ತಿದ್ದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಎರಡೂವರೆ ಹೊತ್ತಿಗೆ ಹೊರಗೆ ಗಲಾಟೆ ಜಾಸ್ತಿಯಾಯಿತು. ಪತ್ರಿಕೆಯವರೂ ಬಂದಿದ್ದರು. ಮ್ಯಾನೇಜರ್ ಒಳಗೆ ಬಂದು, ಏನು ಹೇಳಲಿ ಮೇಡಮ್, ನಂಬ್ತಾನೇ ಇಲ್ಲ ಅಂತ ಕೂತುಬಿಟ್ಟ. ಬೆಳಿಗ್ಗೆ ಅವರಿಗೂ ಅವನು ಹತ್ತು ನಿಮಿಷ ಅಂದಿದ್ದ ಅಂತ ಆಗ ಗೊತ್ತಾಯಿತು. ಅಕ್ಕ ಅವನ ಕಡೆ ತಿರುಗಿದರು. "ಏನು ಕೆಟ್ಟಿದೆ ಅದನ್ನ ಮೊದಲು ಹೇಳಿ ಸಾರ್. ಏನು ಗಟ್ಟಿ ಇದೆ ಅದನ್ನ ಆಮೇಲೆ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಿ. ಗಡಿಯಾರ ನೋಡಿ ಮಾತು ಕೊಡೋದಾದ್ರೆ ಒಂದಕ್ಕೇ ಕೊಡಿ, ಮತ್ತೆ ಯಾವಾಗ ಬಂದು ಮಾತಾಡ್ತೀರಿ ಅನ್ನೋದಕ್ಕೆ. ನಮ್ಮ ಕೈಲಿರೋದು ಅದೊಂದೇ." ಅವನು ಹೋಗಿ ಒಂದು ಸ್ಟೂಲಿನ ಮೇಲೆ ನಿಂತು ಹಾಗೇ ಹೇಳಿದ. ಜನ ಬೈದರು. ಬೈದು, ಗೇಟು ಬಿಟ್ಟು ಹಿಂದೆ ಸರಿದು ಕೂತರು. ಅವರಲ್ಲಿ ನನ್ನ ಹೆಂಡತಿಯೂ ಇದ್ದಳು. ನನ್ನನ್ನು ಕಂಡು ಒಂದೇ ಒಂದು ಮಾತು ಕೇಳಿದಳು, ಮಗಳು ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಹೋಗಿದ್ದಳಾ ಅಂತ. ನನಗೆ ಗೊತ್ತಿರಲಿಲ್ಲ.

ಮೂರೂ ಮುಕ್ಕಾಲಿಗೆ ಮುಳ್ಳು ಮೂವತ್ತೆಂಟಕ್ಕೆ ಇಳಿಯಿತು. ನಾನು ಬೆಲ್ಟ್ ಬಿಗಿದುಕೊಂಡು ಎದ್ದೆ. ಕಂಬ ಹತ್ತೋಕೆ ಇಪ್ಪತ್ತೈದರ ಒಳಗಿರಬೇಕು, ಅದು ನನಗೂ ಗೊತ್ತು. ಸಾಕು ಇಷ್ಟು, ಇನ್ನು ಕಾಯೋಕೆ ನನ್ನ ಕೈಲಾಗಲ್ಲ ಅಂದೆ. ಮ್ಯಾನೇಜರ್ ಅಕ್ಕನ ಮುಖ ನೋಡಿದ.

"ಈಗ ಹತ್ತಿದ್ರೆ ಅರ್ಧದಲ್ಲಿ ಇಳೀತೀಯ" ಅಂದರು ಅಕ್ಕ. "ಆ ಡಬ್ಬಿಯಿಂದ ಮೂರನೇ ಕಂಬ ಕಾಣುತ್ತೆ. ನೀನು ಇಳಿಯೋದನ್ನ ನಿನ್ನ ಮಗಳು ನೋಡ್ತಾಳೆ. ಆಮೇಲೆ ನಾನು ಏನು ಹೇಳಿದ್ರೂ ಅವರು ಕೇಳಲ್ಲ."

ಅಷ್ಟು ಕಷ್ಟಪಟ್ಟು ನಾನು ಯಾವತ್ತೂ ಕೂತಿಲ್ಲ. ನಾಲ್ಕು ಗಂಟೆಗೆ ಮೂವತ್ತಾರು. ನಾಲ್ಕೂ ಕಾಲಿಗೆ ಮತ್ತೆ ನಲವತ್ತೊಂದು. ಹೊರಗೆ ಬಿಸಿಲು ಹಳದಿಯಾಗತೊಡಗಿತು. ಗಾಳಿ ಮೂವತ್ತಾರಕ್ಕೆ ಬಂದು ಮತ್ತೆ ಏರಿದೆ ಅಂತ ಅಕ್ಕ ಅದನ್ನೂ ಡಬ್ಬಿಯವರಿಗೆ ಹೇಳಿಬಿಟ್ಟರು. ನಾನಾಗಿದ್ದರೆ ಮುಚ್ಚಿಡುತ್ತಿದ್ದೆ. ಪೋಸ್ಟ್‌ಮ್ಯಾನ್, ಸರಿ ಅಮ್ಮ, ನಾಲ್ಕೂವರೆಗೆ ಸಿಗೋಣ ಅಂದ.

ನಾಲ್ಕು ನಲವತ್ತಕ್ಕೆ ಮುಳ್ಳು ಇಪ್ಪತ್ಮೂರಕ್ಕೆ ಬಂತು, ಐದು ನಿಮಿಷ ಅಲ್ಲೇ ನಿಂತಿತು. ಅಕ್ಕ ನನ್ನ ಕಡೆ ನೋಡಿ ತಲೆ ಆಡಿಸಿದರು. ಬಾಗಿಲ ತನಕ ಹೋದವನು ತಿರುಗಿದೆ. ಆಗುತ್ತೆ ಅಂತ ಒಂದು ಮಾತು ಅವರ ಬಾಯಿಂದ ಕೇಳಬೇಕು ಅನ್ನೋ ಆಸೆ. ಆಗುತ್ತಾ ಅಕ್ಕ ಅಂದೆ.

"ಹಗ್ಗ ಎತ್ತೋ ಕೆಲಸ ನೀನು ಎರಡು ಸಲ ಮಾಡಿದ್ದೀಯ. ಎರಡು ಸಲಾನೂ ಆಗಿದೆ. ಆಗ ಡಬ್ಬಿ ಖಾಲಿ ಇದ್ವು. ನನಗೆ ಗೊತ್ತಿರೋದು ಅಷ್ಟೇ."

ಕಂಬ ಹತ್ತುವಾಗ ಅದನ್ನೇ ಹೇಳಿಕೊಂಡೆ. ಎರಡು ಸಲ ಮಾಡಿದ್ದೀನಿ, ಎರಡು ಸಲಾನೂ ಆಗಿದೆ. ಒಂದೊಂದು ಮೆಟ್ಟಿಲಿಗೂ. ಸುಳ್ಳು ಬೆರೆಯದ ಮಾತಾದ್ದರಿಂದಲೋ ಏನೋ ಅದು ಕಾಲಿಗೆ ಬಲ ಕೊಟ್ಟಿತು. ಮೇಲೆ ಹೋಗಿ ಚೈನು ಕಟ್ಟಿ ಇಂಚಿಂಚು ಎಳೆದೆವು. ಬೆರಳು ಮರಗಟ್ಟಿತ್ತು. ಐದೂ ಇಪ್ಪತ್ತಕ್ಕೆ ಹಗ್ಗ ಗಾಲಿಯ ಅಂಚಿಗೆ ಬಂತು. ಇನ್ನೊಂದು ಎಳೆತಕ್ಕೆ ಗಾಲಿಯೊಳಗೆ ಬೀಳುತ್ತೆ, ಬಿದ್ದಾಗ ಡಬ್ಬಿ ಜೋರಾಗಿ ಕುಲುಕುತ್ತೆ. ನನ್ನ ಸೊಂಟದ ವೈರ್‌ಲೆಸ್ ಪೆಟ್ಟಿಗೆಯಲ್ಲಿ ಅಕ್ಕನ ದನಿ ಕೇಳುತ್ತಿತ್ತು: "ಒಂಬತ್ತನೇ ಡಬ್ಬಿ, ಈಗ ಒಂದು ದೊಡ್ಡ ಕುಲುಕು ಬರುತ್ತೆ. ಬಿದ್ದೇಹೋದ್ವಿ ಅನ್ನಿಸುತ್ತೆ. ಕುಲುಕಿತು ಅಂದ್ರೆ ಹಗ್ಗ ಗಾಲಿ ಸೇರಿತು ಅಂತ. ಕಂಬಿ ಹಿಡ್ಕೊಳ್ಳಿ." ಎಳೆದೆವು. ಹಗ್ಗ ಗಾಲಿಗೆ ಬಿತ್ತು. ದೂರದಲ್ಲಿ ಡಬ್ಬಿ ಒಂದು ಆಳು ಕೆಳಕ್ಕೆ ಹೋಗಿ ಮೇಲಕ್ಕೆ ಬಂತು. ಒಳಗಿಂದ ಕಿರುಚಾಟವಲ್ಲ, ಚಪ್ಪಾಳೆ ಕೇಳಿಸಿತು ಅಂತ ಅಕ್ಕ ಆಮೇಲೆ ಹೇಳಿದರು.

ಡೀಸೆಲ್ ಎಂಜಿನ್ ಹಾಕಿ, ಆಮೆಯ ಹಾಗೆ ಹಗ್ಗವನ್ನು ಹಿಂದಕ್ಕೆ ತಂದರು. ಒಂಬತ್ತನೇ ಡಬ್ಬಿ ನಾನು ನಿಂತಿದ್ದ ಕಂಬದ ಪಕ್ಕದಲ್ಲೇ ಹಾದುಹೋಯಿತು, ಕೈ ಚಾಚಿದರೆ ಸಿಗೋ ಅಷ್ಟು ಹತ್ತಿರ. ಗಾಜಿನ ಆಚೆ ಮಗಳು ಇದ್ದಳು. ನಾನು ಕೈ ಬೀಸಿದೆ. ಅವಳು ನನ್ನನ್ನು ನೋಡಿ ಮುಖ ತಗ್ಗಿಸಿದಳು. ಸುಸ್ತಾಗಿರಬೇಕು ಅಂದುಕೊಂಡೆ.

ನಾನು ಇಳಿದು ಸ್ಟೇಷನ್ ಸೇರೋಷ್ಟರಲ್ಲಿ ಆರು ಜನರೂ ಮೈಕಿನ ರೂಮಿನಲ್ಲಿದ್ದರು. ಮಗಳು ಸ್ಟೂಲಿನ ಮೇಲೆ, ಅವಳಮ್ಮ ಪಕ್ಕದಲ್ಲಿ. ಕಣ್ತುಂಬ ಅವಳನ್ನು ನೋಡಬೇಕಿತ್ತು ನಾನು, ಆದರೆ ದಿನವಿಡೀ ಹೊಟ್ಟೆಯಲ್ಲಿ ಕುದ್ದದ್ದು ಎಲ್ಲಿ ಹೋಗಬೇಕು? ಗೋಡೆಗೆ ಒರಗಿ ನಿಂತಿದ್ದ ಟೈಲರ್ ಕಣ್ಣಿಗೆ ಬಿದ್ದ. ಹೋಗಿ ಅವನ ಕೊರಳಪಟ್ಟಿ ಹಿಡಿದೆ. ಐದು ಜೀವ ತೆಗೀತಿದ್ದೆಯಲ್ಲೋ, ಒದೆಯೋಕೆ ನಿನಗೆ ಬಾಗಿಲೇ ಬೇಕಿತ್ತಾ ಅಂತ ಅಲುಗಾಡಿಸಿದೆ. ನನ್ನ ಕೈ ಬಿಡಿಸಿಕೊಳ್ಳೋಕೆ ಎತ್ತಿದ ಅವನ ಬಲಗೈ ಬಾತು ನೀಲಿಗಟ್ಟಿತ್ತು.

"ಅಪ್ಪಾ, ಅವರನ್ನ ಬಿಡು" ಅಂದಳು ಮಗಳು. "ಒದ್ದಿದ್ದು ನಾನು. ಬಾಗಿಲಿಗೂ ನನಗೂ ಮಧ್ಯೆ ಕೈ ಇಟ್ಟು ತಡೆದಿದ್ದು ಅವರು."

ನಾನು ಕೊರಳಪಟ್ಟಿ ಬಿಡೋದನ್ನೂ ಮರೆತು ನಿಂತಿದ್ದೆ.

"ನೀನು ಬೈತೀಯ, ಕಿರುಚ್ತೀಯ, ಆದ್ರೆ ಯಾವತ್ತೂ ನನಗೆ ಸುಳ್ಳು ಹೇಳಿದೋನಲ್ಲ. ಹತ್ತು ನಿಮಿಷ ಆಯ್ತು, ಹದಿನೈದಾಯ್ತು. ಕಂಬದ ಹತ್ರ ಯಾರೂ ಇಲ್ಲ, ನನಗೆ ಕಾಣ್ತಿತ್ತು. ನಮ್ಮಪ್ಪನೇ ಸುಳ್ಳು ಹೇಳ್ತಿದ್ದಾನೆ ಅಂದ್ರೆ, ನಾವು ಸಾಯೋದು ಅವನಿಗೆ ಗೊತ್ತಾಗಿದೆ ಅಂದ್ಕೊಂಡೆ. ಆಮೇಲೆ ಮೈಕಲ್ಲಿ ಈ ಅತ್ತೆ ಕತ್ತಲಾದ್ರೂ ಆಗಬಹುದು, ಚಳಿ ಆಗುತ್ತೆ ಅಂದ್ರಲ್ಲ, ಆಗ ಉಸಿರು ಬಂತು. ಕತ್ತಲಾಗೋ ತನಕ ನಾವು ಇರ್ತೀವಿ ಅಂತ ಅವರ ಲೆಕ್ಕ ಅಂತಾಯ್ತು."

ಅಕ್ಕ ಮೈಕಿನ ವೈರು ಸುತ್ತುತ್ತಿದ್ದರು. ನಿಮಗೆ ಗೊತ್ತಿತ್ತಾ ಅಂತ ಕೇಳಿದೆ. ಗೊತ್ತಿತ್ತು, ಕಿವಿಯಲ್ಲಿ ಕೇಳಿಸ್ತಾ ಇತ್ತಲ್ಲ ಅಂದರು. ಹೇಳಿದ್ದರೆ ನಿನ್ನ ಕೈ ನಡುಗೋದು, ಕಂಬ ಹತ್ತೋಕೆ ನಿನ್ನ ಬಿಟ್ಟು ಬೇರೆ ಯಾರಿದ್ದರು ಅಂತ ಕೇಳಿದರು. ಟೈಲರಿಗೆ ನಾನು ಕೈ ಮುಗಿಯಲು ಹೋದೆ. ಅವನು ಎಡಗೈಯಲ್ಲಿ ನನ್ನ ಭುಜ ತಟ್ಟಿ, ಮೊದಲು ಮಗಳನ್ನ ಮನೆಗೆ ಕರ್ಕೊಂಡು ಹೋಗಪ್ಪ ಅಂದ.

ಕರೆದುಕೊಂಡು ಹೋಗೋ ಮೊದಲು ಒಂಬತ್ತನೇ ಡಬ್ಬಿಯ ಹತ್ತಿರ ಹೋದೆ. ಹೋಗದೆ ಇರೋಕಾಗಲಿಲ್ಲ. ಚಿಲಕದ ಮೂರು ಬೋಲ್ಟಿನಲ್ಲಿ ಎರಡು ಇರಲೇ ಇಲ್ಲ, ಕಿತ್ತು ಕಣಿವೆಗೆ ಬಿದ್ದಿದ್ದವು. ಮೂರನೆಯದನ್ನು ಬಿಚ್ಚೋಕೆ ಸ್ಪ್ಯಾನರ್ ತೆಗೆದೆ. ಅದು ಬೇಕಾಗಲಿಲ್ಲ, ಬೋಲ್ಟು ಬೆರಳಲ್ಲೇ ಬಂತು.